ಗೇಣಿಯ ನೆಲ, ಮತದ ನೆಲ: ಶಾಂತವೇರಿ ಗೋಪಾಲಗೌಡರ ಚುನಾವಣಾ ದಾಖಲೆಯ ಒಂದು ಓದು

ಶಾಂತವೇರಿ ಗೋಪಾಲಗೌಡರ (1923–1972) ಚುನಾವಣಾ ದಾಖಲೆಯನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆಲುವು, 1957ರಲ್ಲಿ ಸೋಲು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆಲುವು. ಮಂತ್ರಿಗಿರಿ ಇಲ್ಲ, ಕೂತದ್ದೆಲ್ಲ ವಿರೋಧ ಪಕ್ಷದ ಸಾಲಿನಲ್ಲೇ. ಒಂದೇ ಕ್ಷೇತ್ರದಿಂದ ಸತತ ಏಳೆಂಟು ಸಲ ಆರಿಸಿ ಬಂದವರಿರುವ ರಾಜ್ಯದಲ್ಲಿ ಇದು ದೊಡ್ಡ ಲೆಕ್ಕವೇನೂ ಅಲ್ಲ. ಆದರೂ ಕರ್ನಾಟಕದ ಶಾಸಕರ ಚರಿತ್ರೆ ಬರೆಯಹೊರಟವರು ಗೌಡರನ್ನು ದಾಟಿ ಹೋಗಲಾರರು. ದಾಟದವರು ಕೂಡ ಬಹುಮಟ್ಟಿಗೆ ಅವರ ಪ್ರಾಮಾಣಿಕತೆ, ಬಡತನ, ವಾಗ್ಮಿತೆಗಳನ್ನು ಕೊಂಡಾಡುವುದರಲ್ಲೇ ನಿಲ್ಲುತ್ತಾರೆ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡ ಆಮೇಲೆ ಬಂದು ನಿಜದ ಗೋಪಾಲಗೌಡರ ಮುಂದೆಯೇ ಕೂತುಬಿಟ್ಟಿದ್ದಾನೆ. ಕಾದಂಬರಿಗೆ ಬೇಕಾದದ್ದು ಒಬ್ಬ ವ್ಯಕ್ತಿಯ ಒಳಗಿನ ತೊಳಲಾಟ. ಚುನಾವಣೆಯ ಅಧ್ಯಯನಕ್ಕೆ ಬೇಕಾದದ್ದು ಬೇರೆ: ಆ ವ್ಯಕ್ತಿಗೆ ಮತ ಹಾಕಿದವರು ಯಾರು, ಯಾಕೆ ಹಾಕಿದರು? ಅವರ ಗೆಲುವುಗಳ ಹಿಂದಿದ್ದದ್ದು ವ್ಯಕ್ತಿಯ ವರ್ಚಸ್ಸಿಗಿಂತ ಮಲೆನಾಡಿನ ಗೇಣಿ ಪದ್ಧತಿ ಎಂಬುದು ಈ ಲೇಖನದ ವಾದ.

ವಾದದ ಬೇರು ಕಾಗೋಡಿನಲ್ಲಿದೆ. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು; ಅವರನ್ನು ಸಂಘ ಕಟ್ಟಿ ಎಬ್ಬಿಸಿದವರು ಎಚ್. ಗಣಪತಿಯಪ್ಪ. ಜಗಳ ಹುಟ್ಟಿದ್ದು ಒಂದು ಅಳತೆಯ ಪಾತ್ರೆಯಿಂದ. ಗೇಣಿ ಭತ್ತವನ್ನು ಅಳೆಯಬೇಕಾದದ್ದು ಮೂರು ಸೇರಿನ ಕೊಳಗದಲ್ಲಿ. ಒಡೆಯರ ಕಣದಲ್ಲಿದ್ದ ಕೊಳಗ ಅದಕ್ಕಿಂತ ದೊಡ್ಡದು. ಕೊಳಗದ ಎಣಿಕೆ ಕರಾರಿನಷ್ಟೇ ಇರುತ್ತಿತ್ತು, ಹೋಗುವ ಭತ್ತ ಮಾತ್ರ ಹೆಚ್ಚು. ಕೊಳಗಕ್ಕೆ ಅರ್ಧ ಸೇರು ಹೆಚ್ಚಾದರೂ ನೂರು ಕೊಳಗಕ್ಕೆ ಐವತ್ತು ಸೇರಾಯಿತು. ಶಾಲೆ ಕಾಣದವನಿಗೂ ಅರ್ಥವಾಗುವ ಗಣಿತ ಇದು. ಹೊಲ ನನ್ನದಾಗಬೇಕೆಂಬ ದೊಡ್ಡ ಮಾತಿಗಿಂತ ಮೊದಲು ಗೇಣಿದಾರ ಕೇಳಿದ್ದು ಸರಿಯಾದ ಅಳತೆಯನ್ನು. ಸಮಾಜವಾದಿ ಪಕ್ಷ ಹೋರಾಟಕ್ಕೆ ಇಳಿದದ್ದು ಆ ಬಳಿಕ. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶಕ್ಕೇ ಕೇಳಿಸಿತು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿ ಸೆರೆಮನೆ ಕಂಡಿದ್ದ ಗೋಪಾಲಗೌಡರು ಈ ಹೋರಾಟದ ಮುಂಚೂಣಿಯಲ್ಲಿದ್ದರು.

ವರ್ಷ ತುಂಬುವುದರೊಳಗೆ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳಿಗೆ ಕಟ್ಟುಬಿದ್ದಿತ್ತು. ಗೇಣಿದಾರನಿಗೂ ಒಡೆಯನಿಗೂ ತಲೆಗೊಂದೇ ಮತ ಎಂದಾದದ್ದು ಈಗ. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 74, ಸಮಾಜವಾದಿಗಳಿಗೆ ಬರೀ 3. ಆ ಮೂರರಲ್ಲೊಬ್ಬರು ಇಪ್ಪತ್ತೊಂಬತ್ತರ ಹರೆಯದ ಗೋಪಾಲಗೌಡರು. ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಜೋಡಿಸಿ ನೋಡದ ಸಂಗತಿಯೆಂದರೆ, ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕಾಂಗ್ರೆಸ್ ಟಿಕೆಟಿನ ಮೇಲೆ ಲೋಕಸಭೆಗೆ ಹೋದವರು ಕಾಗೋಡಿನ ಒಡೆಯರಾದ ಕೆ.ಜಿ. ಒಡೆಯರ್. ಸತ್ಯಾಗ್ರಹಿ ಬೆಂಗಳೂರಿಗೆ, ಜಮೀನ್ದಾರರು ದೆಹಲಿಗೆ! 1957ರಲ್ಲೂ ಒಡೆಯರ್ ಗೆದ್ದರು, ಗೋಪಾಲಗೌಡರು ಸೋತರು.

ಮತದಾರನ ಇಬ್ಬಂದಿತನ ಎಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಲೋಕಸಭಾ ಕ್ಷೇತ್ರದ ಹರವಿನಲ್ಲಿ ಗೇಣಿಯ ಬಿಸಿ ತಟ್ಟದ ಬಯಲು ಸೀಮೆಯೂ ಇತ್ತು, ಪೇಟೆಗಳೂ ಇದ್ದವು. ಅಲ್ಲಿ ಕಾಂಗ್ರೆಸ್ ಎಂದರೆ ಸ್ವಾತಂತ್ರ್ಯ ತಂದ ಪಕ್ಷ, ಅಷ್ಟೇ. ಸಾಗರ–ಹೊಸನಗರದಂಥ ಸಣ್ಣ ವ್ಯಾಪ್ತಿಯಲ್ಲಿ ಮಾತ್ರ ಕೊಳಗದ ಸಿಟ್ಟು ಮತವಾಗಿ ದಕ್ಕುತ್ತಿತ್ತು. ಅಂದರೆ ಸಮಾಜವಾದಿಗಳ ಬಲಕ್ಕೆ ಒಂದು ಎಲ್ಲೆಯಿತ್ತು, ಆ ಎಲ್ಲೆ ಗೇಣಿಯ ಅಡಕೆ–ಭತ್ತದ ಸೀಮೆಯ ಎಲ್ಲೆಯೇ. ಶಿವಮೊಗ್ಗದ ಲೋಕಸಭಾ ಸ್ಥಾನ ಸಮಾಜವಾದಿಗಳ ಕೈಗೆ ಬಂದದ್ದು 1967ರಲ್ಲಿ, ಜೆ.ಎಚ್. ಪಟೇಲರ ಮೂಲಕ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಸುದ್ದಿಯಾದ ಅದೇ ಪಟೇಲರು.

ಗೌಡರ ನಂತರದ ಎರಡು ಗೆಲುವುಗಳು ತೀರ್ಥಹಳ್ಳಿಯವು. ಕಡಿದಾಳ ಮಂಜಪ್ಪನವರ ತಾಲ್ಲೂಕು ಇದು. 1956ರಲ್ಲಿ ಕೆಲವು ವಾರ ಮುಖ್ಯಮಂತ್ರಿಯಾಗಿದ್ದ, ಕಂದಾಯ ಮಂತ್ರಿಯಾಗಿ ಗೇಣಿ ಶಾಸನಕ್ಕೆ ದುಡಿದ ಕಾಂಗ್ರೆಸ್ಸಿಗರು ಮಂಜಪ್ಪ. ಹಾಗಾಗಿ ಇಲ್ಲಿ ಕಾಂಗ್ರೆಸ್ಸನ್ನು ಬರೀ ಜಮೀನ್ದಾರರ ಪಕ್ಷವೆಂದು ಬಯ್ದು ಗೆಲ್ಲುವಂತಿರಲಿಲ್ಲ. ಕಾನೂನು ಪುಸ್ತಕದಲ್ಲಿದೆ, ಗದ್ದೆಗೆ ಬಂದಿಲ್ಲ ಎಂದು ತೋರಿಸಿಕೊಡಬೇಕಿತ್ತು. 1962ರಲ್ಲಿ 208 ಸ್ಥಾನಗಳ ಸಭೆಯಲ್ಲಿ ಕಾಂಗ್ರೆಸ್ 138 ಪಡೆದರೂ ಅದರ ನಾಯಕ ಎಸ್. ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತಿದ್ದರು. 1967ರಲ್ಲಿ ಗೌಡರ ಸಂಯುಕ್ತ ಸಮಾಜವಾದಿ ಪಕ್ಷಕ್ಕೆ ಸಿಕ್ಕದ್ದು 216ರಲ್ಲಿ 6 ಸ್ಥಾನ, ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಬಾರಿಗೆ ಬಂದದ್ದು ಆಗಲೇ.

ಪ್ರಚಾರದ ರೀತಿಯ ಬಗ್ಗೆ ಒಂದು ಮಾತು. ‘ಒಂದು ಓಟು, ಒಂದು ನೋಟು’ ಎಂದು ಕೇಳಿಕೊಂಡು ಗೌಡರು ಊರೂರು ತಿರುಗಿದ್ದು ಮಲೆನಾಡಿನಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಇದನ್ನು ಆದರ್ಶದ ಪವಾಡವೆಂಬಂತೆ ಹೇಳುವುದು ರೂಢಿ. ನನಗೆ ಕಾಣುವಂತೆ ಇದರಲ್ಲಿ ಚುರುಕಾದ ಸಂಘಟನೆಯ ಬುದ್ಧಿಯೂ ಇದೆ. ಒಡೆಯರ ಮನೆಯಿಂದ ಸಾಲ ತಂದು ಬದುಕುವ ಗೇಣಿದಾರ ಅಭ್ಯರ್ಥಿಯ ಕೈಗೆ ಒಂದು ರೂಪಾಯಿ ಇಟ್ಟನೆಂದರೆ, ಅವನು ಬಹಿರಂಗವಾಗಿ ಪಕ್ಷ ಹಿಡಿದನೆಂದೇ ಲೆಕ್ಕ. ಮತ ಗುಟ್ಟಿನದು, ನೋಟು ಗುಟ್ಟಿನದಲ್ಲ. ಇಂದು ನೋಟು ನಡೆಯುವ ದಿಕ್ಕೇ ತಿರುವುಮುರುವಾಗಿರುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸದನದಲ್ಲಿ ಉಳುವವನಿಗೆ ಭೂಮಿ ಎಂಬುದು ಅವರ ಮುಖ್ಯ ಕೂಗು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬುದು ಇನ್ನೊಂದು. ಎರಡೂ ಅವರು ಬದುಕಿದ್ದಾಗ ಆಗಲಿಲ್ಲ. 1972ರ ಜೂನ್ 9ರಂದು ಅವರು ತೀರಿಕೊಂಡಾಗ ವಯಸ್ಸು ನಲವತ್ತೊಂಬತ್ತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಯಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಆಧಾರ ಗೌಡರು ಕಣದಲ್ಲಿಲ್ಲದ ಚುನಾವಣೆ. 1972ರಲ್ಲಿ ಇಂದಿರಾ ಅಲೆಯ ಮೇಲೆ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಬಾಚಿಕೊಂಡಿತು. ಸಮಾಜವಾದಿ ಪಕ್ಷಕ್ಕೆ ಉಳಿದದ್ದು ಮೂರೇ ಮೂರು: ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಸೊರಬದಲ್ಲಿ ಬಂಗಾರಪ್ಪ. ಮೂರೂ ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳು, ಮೂರೂ ಗೇಣಿಯ ಸೀಮೆ. ಮೂವರೂ ಒಂದೇ ಜಾತಿಯವರೂ ಅಲ್ಲ. ನಾಯಕ ಹಾಸಿಗೆ ಹಿಡಿದಿದ್ದಾಗಲೂ ಮತ ಕದಲಲಿಲ್ಲವೆಂದರೆ, ಅದು ನಾಯಕನ ಮುಖ ನೋಡಿ ಬಿದ್ದ ಮತವಷ್ಟೇ ಆಗಿರಲಿಲ್ಲ.

ಗೇಣಿಯೇ ಹೋದ ಮೇಲೆ ಏನಾಯಿತೆಂಬುದೂ ಇದನ್ನೇ ಹೇಳುತ್ತದೆ. 1974ರ ಬಳಿಕ ಗೇಣಿದಾರರು ತಾವು ಉಳುವ ಭೂಮಿಯ ಹಕ್ಕು ಕೋರುವ ಏಳನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ಸಾಲುಗಟ್ಟಿದರು. ಊರಮಾತಿನಲ್ಲಿ ‘ಡಿಕ್ಲರೇಷನ್ ಹಾಕುವುದು’ ಎಂದರೆ ಇದೇ. ಭೂಮಿ ಕೊಟ್ಟದ್ದು ಕಾಂಗ್ರೆಸ್ ಸರ್ಕಾರವಾದ್ದರಿಂದ ಸಮಾಜವಾದಿಗಳ ಕೈಯಲ್ಲಿ ಹೇಳಿಕೊಳ್ಳುವ ಬೇಡಿಕೆಯೇ ಉಳಿಯಲಿಲ್ಲ. ಬಂಗಾರಪ್ಪ, ತಿಮ್ಮಪ್ಪ ಇಬ್ಬರೂ ಮುಂದೆ ಕಾಂಗ್ರೆಸ್ ಸೇರಿದರು, ಪಟೇಲರು ಜನತಾ ಪರಿವಾರದಲ್ಲಿ ಉಳಿದರು; ಬಂಗಾರಪ್ಪ 1990ರಲ್ಲಿ, ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ಇದನ್ನು ಶಿಷ್ಯರ ಸಿದ್ಧಾಂತದ್ರೋಹವೆಂದು ಬಣ್ಣಿಸುವ ಬರಹಗಳು ಸಾಕಷ್ಟಿವೆ. ಗೇಣಿದಾರ ಭೂಮಾಲೀಕನಾದ ಮೇಲೆ ಅವನ ಪ್ರತಿನಿಧಿ ಹಳೆಯ ಪಕ್ಷದಲ್ಲೇ ಇರಬೇಕಿತ್ತೇಕೆ ಎಂಬ ಪ್ರಶ್ನೆಯನ್ನು ಅವು ಎತ್ತುವುದಿಲ್ಲ. ಈ ಮೂರು ತಾಲ್ಲೂಕುಗಳ ಏಳನೇ ನಮೂನೆಯ ಅರ್ಜಿಗಳನ್ನು ಹೋಬಳಿವಾರು ವಿಂಗಡಿಸಿ 1952ರಿಂದ 1978ರವರೆಗಿನ ಮತದಾನದ ಪಕ್ಕದಲ್ಲಿಟ್ಟು ನೋಡುವ ಕೆಲಸ ಆ ಪ್ರಶ್ನೆಯಿಂದಲೇ ಶುರುವಾಗಬೇಕು.