ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಷ್ಟು ಸಾಮಾನ್ಯ? ಗಡ್ಡೆ ಕಂಡ ಕೂಡಲೇ ಆಪರೇಷನ್ ಬೇಕೇ?

ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟ್‌ನಲ್ಲಿ 'ಫೈಬ್ರಾಯ್ಡ್' ಎಂಬ ಪದ ಕಂಡರೆ ಸಾಕು, ಕ್ಯಾನ್ಸರ್ ಇರಬಹುದೇ ಎಂಬ ಭಯ ಶುರುವಾಗುತ್ತದೆ. ಆದರೆ ಇದು ಮಹಿಳೆಯರಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ಗಡ್ಡೆ. ಬಹುತೇಕ ಎಲ್ಲ ಫೈಬ್ರಾಯ್ಡ್‌ಗಳೂ ಕ್ಯಾನ್ಸರ್ ಅಲ್ಲ.

ಎಷ್ಟು ಮಂದಿಗೆ ಬರುತ್ತದೆ?

ಅಮೆರಿಕದಲ್ಲಿ ಅಲ್ಟ್ರಾಸೌಂಡ್ ಆಧರಿಸಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 50 ವರ್ಷ ತುಂಬುವಷ್ಟರಲ್ಲಿ ಸುಮಾರು ಶೇ 70ರಷ್ಟು ಬಿಳಿಯ ಮಹಿಳೆಯರಲ್ಲಿ ಹಾಗೂ ಶೇ 80ಕ್ಕೂ ಹೆಚ್ಚು ಕಪ್ಪು ಮಹಿಳೆಯರಲ್ಲಿ ಫೈಬ್ರಾಯ್ಡ್ ಬೆಳೆದಿರುತ್ತದೆ. ಆದರೆ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಮಂದಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಏಕೆ ಬೆಳೆಯುತ್ತದೆ?

ಇದು ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಡ್ಡೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಇದಕ್ಕೆ ಪೋಷಣೆ ನೀಡುತ್ತವೆ. 30ರಿಂದ 50 ವರ್ಷದೊಳಗೆ ಹೆಚ್ಚು ಕಾಣಿಸಿಕೊಂಡು, ಮುಟ್ಟು ನಿಂತ ಬಳಿಕ ಸಾಮಾನ್ಯವಾಗಿ ಕುಗ್ಗುತ್ತದೆ. ತಾಯಿ ಅಥವಾ ಅಕ್ಕತಂಗಿಯರಿಗೆ ಇದ್ದರೆ, ಬೊಜ್ಜು ಇದ್ದರೆ ಸಾಧ್ಯತೆ ಹೆಚ್ಚು.

ಲಕ್ಷಣಗಳೇನು?

ಗಾತ್ರಕ್ಕಿಂತ ಗಡ್ಡೆ ಇರುವ ಜಾಗ ಮುಖ್ಯ. ಗರ್ಭಕೋಶದ ಒಳಪದರದ ಕಡೆಗೆ ಚಾಚಿದ ಗಡ್ಡೆ ಚಿಕ್ಕದಾದರೂ ವಿಪರೀತ ರಕ್ತಸ್ರಾವ ಉಂಟುಮಾಡಬಹುದು. ಹೊರಭಾಗದಲ್ಲಿದ್ದರೆ ಮೂತ್ರಕೋಶದ ಮೇಲೆ ಒತ್ತಡ ಬಿದ್ದು ಪದೇ ಪದೇ ಮೂತ್ರಕ್ಕೆ ಹೋಗಬೇಕಾಗಬಹುದು. ಏಳು ದಿನ ಮೀರಿದ ಮುಟ್ಟು, ಗಂಟೆಗೊಮ್ಮೆ ಪ್ಯಾಡ್ ಬದಲಿಸುವ ಸ್ಥಿತಿ, ಹೆಪ್ಪುಗಟ್ಟಿದ ರಕ್ತ, ಸುಸ್ತು ಇದ್ದರೆ 'ಇದೆಲ್ಲ ಮಾಮೂಲು' ಎಂದು ಸುಮ್ಮನಿರಬೇಡಿ. ದೇಶದಲ್ಲಿ 15ರಿಂದ 49 ವರ್ಷದ ಶೇ 57ರಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಧಿಕ ರಕ್ತಸ್ರಾವ ಅದನ್ನು ಇನ್ನಷ್ಟು ಹದಗೆಡಿಸುತ್ತದೆ.

ಗರ್ಭಕೋಶ ತೆಗೆಯಲೇಬೇಕೇ?

ಇಲ್ಲ. ತೊಂದರೆ ಇಲ್ಲದಿದ್ದರೆ ಆಗಾಗ ತಪಾಸಣೆ ಸಾಕು. ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನ್ ಇರುವ ಕಾಪರ್-ಟಿ ಮಾದರಿಯ ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ, ಗಡ್ಡೆಗೆ ರಕ್ತ ಪೂರೈಸುವ ನಾಳವನ್ನು ಮುಚ್ಚುವ ಎಂಬೋಲೈಸೇಷನ್ ಮುಂತಾದ ಆಯ್ಕೆಗಳಿವೆ. ಮುಂದೆ ಮಗು ಬೇಕೆನ್ನುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಬೇರೆ ದಾರಿ ಫಲಿಸದಿದ್ದಾಗ ಗರ್ಭಕೋಶ ತೆಗೆಯುವುದು ಸರಿಯಾದ ನಿರ್ಧಾರವೇ ಆಗಬಹುದು.

ಆದರೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿತ್ತು. ಇದನ್ನು ತಡೆಯಲು ಕೇಂದ್ರ ರೂಪಿಸಿದ್ದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ 2023ರ ಏಪ್ರಿಲ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು. ಹಾಗಾಗಿ ಆಪರೇಷನ್‌ಗೆ ಒಪ್ಪುವ ಮೊದಲು 'ಬೇರೆ ಚಿಕಿತ್ಸೆ ಇಲ್ಲವೇ?' ಎಂದು ಕೇಳಿ. ಅನುಮಾನವಿದ್ದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯಿರಿ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.