ಮನೆಬಾಗಿಲಿನ ಉಳಿತಾಯವೂ ವಿದ್ಯುನ್ಮಾನ ಯುಗವೂ

ಭಾರತದ ಬ್ಯಾಂಕಿಂಗ್ ಚರಿತ್ರೆಯಲ್ಲಿ ಉಡುಪಿಗೆ ವಿಶೇಷ ಸ್ಥಾನವಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಇಲ್ಲಿ ಜನ್ಮತಾಳಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆಯಿತು. 1925ರಲ್ಲಿ ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಮತ್ತೊಂದು ಸಂಸ್ಥೆಯನ್ನು ತೆರೆದರು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶವಾಗಿತ್ತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ ಮಣಿಪಾಲವನ್ನು ತನ್ನ ಕೇಂದ್ರವಾಗಿಸಿಕೊಂಡಿತು.

ಈ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಯೋಜನೆಯು ಬಡವರ ಬದುಕಿಗೆ ಬಹಳ ಹತ್ತಿರವಾದುದು. ದಿನಕ್ಕೆ ಎರಡಾಣೆ ಉಳಿಸಬಲ್ಲವರೂ ಖಾತೆದಾರರಾಗಬಹುದಿತ್ತು. ದಿನಗೂಲಿಯವನು ಕೆಲಸ ಬಿಟ್ಟು ಬ್ಯಾಂಕಿನ ಮೆಟ್ಟಿಲು ಹತ್ತಲಾರ. ಆದ್ದರಿಂದ ಬ್ಯಾಂಕೇ ಅವನ ಮನೆಬಾಗಿಲಿಗೆ ಬಂದಿತು. ಸಂಗ್ರಾಹಕನು ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ನಡೆದು ಹಣ ಪಡೆದು, ಲೆಕ್ಕ ಬರೆದುಕೊಡುತ್ತಿದ್ದನು. ಖರ್ಚಾಗಿಬಿಡಬಹುದಾದ ಚಿಲ್ಲರೆಯು ಹೀಗೆ ಮಗಳ ಮದುವೆಗೋ ಮಗನ ಶಾಲಾ ಶುಲ್ಕಕ್ಕೋ ಆಸರೆಯಾಯಿತು.

ದೇಶದ ಬ್ಯಾಂಕುಗಳಲ್ಲಿ ಯಂತ್ರಗಳ ಬಳಕೆಗೆ ದಾರಿ ತೋರಿಸಿದ್ದು 1984ರ ರಂಗರಾಜನ್ ಸಮಿತಿಯ ವರದಿ. ಉದ್ಯೋಗ ಕಳೆದುಹೋದೀತೆಂಬ ಭಯದಿಂದ ನೌಕರರ ಸಂಘಟನೆಗಳು ಗಣಕೀಕರಣವನ್ನು ಶಂಕೆಯಿಂದ ಕಂಡವು. ಆದರೂ ಲೆಡ್ಜರ್ ಯಂತ್ರಗಳು ಬಂದವು, ಅನಂತರ ಕಂಪ್ಯೂಟರುಗಳು ಬಂದವು. ಹೊಸ ಶತಮಾನದ ಮೊದಲ ದಶಕದಲ್ಲಿ ಶಾಖೆಗಳೆಲ್ಲ ಒಂದೇ ಜಾಲದಲ್ಲಿ ಬೆಸೆದುಕೊಂಡಾಗ, ಕಾರ್ಕಳದ ಖಾತೆಯಿಂದ ಮುಂಬಯಿಯಲ್ಲಿ ಹಣ ಪಡೆಯುವುದು ಸುಲಭವಾಯಿತು. ಮಣಿಪಾಲದಲ್ಲಿ 1941ರಲ್ಲಿ ಆರಂಭವಾದ ಮುದ್ರಣೋದ್ಯಮವೂ ಚೆಕ್ ಪುಸ್ತಕಗಳ ಜೊತೆಗೆ ಬ್ಯಾಂಕ್ ಕಾರ್ಡುಗಳ ತಯಾರಿಕೆಗೆ ತೊಡಗಿತು. ಒಂದು ಯಂತ್ರ ಹಳೆಯ ಕೆಲಸವನ್ನು ಅಳಿಸಿದರೆ, ಮತ್ತೊಂದು ಹೊಸ ಕೆಲಸವನ್ನು ತೆರೆಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಪಿಗ್ಮಿ ಸಂಗ್ರಾಹಕನ ಕೈಗೂ ರಸೀದಿ ಮುದ್ರಿಸುವ ಪುಟ್ಟ ಯಂತ್ರ ಬಂದಿತು. ಬರವಣಿಗೆಯ ತಪ್ಪುಗಳು ತಗ್ಗಿದವು. ಆದರೆ ಬಿಸಿಲು ಮಳೆಯಲ್ಲಿ ನಡೆಯುವ ಕಾಲುಗಳು ಅವನವೇ ಆಗಿದ್ದವು. ಕಮಿಷನ್ ನಂಬಿ ದುಡಿದ ಈ ಸಂಗ್ರಾಹಕರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು.

2016ರ ಏಪ್ರಿಲ್‌ನಲ್ಲಿ ಯುಪಿಐ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳ ರದ್ದತಿ ಘೋಷಣೆಯಾದಾಗ ಜನ ಮೊಬೈಲ್ ಪಾವತಿಯ ಕಡೆಗೆ ತಿರುಗಿದರು. ಇಂದು ಕಾಪುವಿನ ಮೀನು ಮಾರಾಟದಲ್ಲೂ ಕಾರ್ಕಳದ ಹೂವಿನಂಗಡಿಯಲ್ಲೂ ಹಣ ಕ್ಷಣಾರ್ಧದಲ್ಲಿ ಖಾತೆ ಸೇರುತ್ತದೆ. ಚಿಲ್ಲರೆಯ ತಾಪತ್ರಯವಿಲ್ಲ, ವ್ಯಾಪಾರದ ದಾಖಲೆಯೂ ಉಳಿಯುತ್ತದೆ. ಸಣ್ಣ ವ್ಯಾಪಾರಿಗೆ ಇದು ದೊಡ್ಡ ಉಪಕಾರವೇ ಸರಿ.

ಆದರೂ ಒಂದು ಅಂತರವನ್ನು ನಾವು ಗಮನಿಸಬೇಕು. ಪಿಗ್ಮಿ ಯೋಜನೆ ಉಳಿಸುವುದನ್ನು ಸುಲಭಗೊಳಿಸಿತು. ಮೊಬೈಲು ಖರ್ಚು ಮಾಡುವುದನ್ನು ಸುಲಭಗೊಳಿಸಿದೆ. ನೋಟನ್ನು ಎಣಿಸಿ ಕೊಡುವಾಗ ಕೈ ತುಸು ತಡೆಯುತ್ತಿತ್ತು. ಬೆರಳೊತ್ತಿ ಕೊಡುವಾಗ ಆ ತಡೆಯಿಲ್ಲ. ಸಂಗ್ರಾಹಕನ ಮುಖ ಪರಿಚಿತವಾಗಿತ್ತು. ಬ್ಯಾಂಕಿನವರೆಂದು ಹೇಳಿ ಒಟಿಪಿ ಕೇಳುವವನು ಯಾರೆಂದು ಮನೆಯ ಹಿರಿಯರಿಗೆ ತಿಳಿಯದು. ಒಂದು ಕರೆಯಲ್ಲಿ ವರ್ಷಗಳ ಗಳಿಕೆ ಕರಗಿಹೋಗುವ ಅಪಾಯ ಇಂದು ಪ್ರತಿ ಮನೆಗೂ ಇದೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ನಮ್ಮ ನೆಲದ ಎರಡು ಹೆಸರುಗಳು ಫಲಕಗಳಿಂದ ಮರೆಯಾದವು. ಆದರೆ ಎರಡಾಣೆಯ ಪಾಠ ಮರೆಯಾಗಬೇಕಾಗಿಲ್ಲ. ಊರಿನ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಇಂದಿಗೂ ಅಂಗಡಿಗಳಿಗೆ ಬರುತ್ತಾರೆ. ಮಕ್ಕಳಿಗೆ ಮೊಬೈಲಿನಲ್ಲಿ ಹಣ ಕೊಡುವುದನ್ನು ಕಲಿಸುವ ನಾವು, ಅದೇ ಮೊಬೈಲಿನಲ್ಲಿ ತಿಂಗಳಿಗಿಷ್ಟೆಂದು ಉಳಿಸುವುದನ್ನೂ ಕಲಿಸೋಣ. ಹಿರಿಯರ ಪಕ್ಕದಲ್ಲಿ ಕುಳಿತು ಮೋಸದ ಕರೆಗಳ ಬಗೆಯನ್ನು ತಾಳ್ಮೆಯಿಂದ ತಿಳಿಸೋಣ. ಮನೆಬಾಗಿಲಿಗೆ ಬರುತ್ತಿದ್ದ ಆ ಕಾಳಜಿ ಇನ್ನು ಮನೆಯೊಳಗೇ ಹುಟ್ಟಬೇಕಾಗಿದೆ.