ಎರೆಹೊಲದ ಬಿಳಿ ಕಲ್ಲುಗಳು: ಗುರುತಿಸುವ ಬಗೆ ಮತ್ತು ಉತ್ಪತ್ತಿ

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ ಮುಂತಾದ ಜಿಲ್ಲೆಗಳ ಎರೆಭೂಮಿಯಲ್ಲಿ ಕುಂಟೆ ಹೊಡೆಯುವಾಗ ಕಡಲೆಕಾಳಿನಿಂದ ನಿಂಬೆಹಣ್ಣಿನ ಗಾತ್ರದವರೆಗಿನ, ಉಬ್ಬುತಗ್ಗಾದ ಬಿಳಿ ಅಥವಾ ಬೂದುಬಣ್ಣದ ಕಲ್ಲುಗಳು ಮೇಲೇಳುವುದನ್ನು ನೀವು ಕಂಡಿರಬಹುದು. ಆರಿಸಿ ಬದುವಿಗೆ ಹಾಕಿದರೂ ಮರುವರ್ಷ ಮತ್ತೆ ಕಾಣಿಸುವುದರಿಂದ ಕಲ್ಲು ಬೆಳೆಯುತ್ತದೆ ಎಂಬ ಮಾತು ಹುಟ್ಟಿಕೊಂಡಿದೆ. ಇದರಲ್ಲಿ ಸ್ವಲ್ಪ ಸತ್ಯವೂ ಇದೆ. ಅಂತಹ ಹೊಲದಲ್ಲಿ ತೋಟ ಮಾಡುವ ಯೋಚನೆಯಿದ್ದರೆ, ಸಸಿ ಮತ್ತು ಹನಿ ನೀರಾವರಿಗೆ ಹಣ ಹಾಕುವ ಮೊದಲೇ ಈ ಕಲ್ಲು ಯಾವುದೆಂದು ತಿಳಿದುಕೊಳ್ಳುವುದು ಅಗತ್ಯ.

ಗುರುತಿಸುವ ಬಗೆ

ಕಲ್ಲನ್ನು ಒಡೆದು ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಅಥವಾ ವಿನೆಗರ್ ಹನಿಸಿರಿ. ಗುಳ್ಳೆಗಳೆದ್ದು ಬುರುಬುರು ಎಂದರೆ ಅದು ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಚಾಕುವಿನಿಂದ ಕೆರೆದರೆ ಇದರ ಮೇಲೆ ಸುಲಭವಾಗಿ ಗೀರು ಬೀಳುತ್ತದೆ. ಹಿಂದೆ ಗಾರೆಯ ಸುಣ್ಣಕ್ಕಾಗಿ ಇದನ್ನೇ ಭಟ್ಟಿಯಲ್ಲಿ ಸುಡುತ್ತಿದ್ದರು.

ಗುಳ್ಳೆ ಏಳದೆ, ಚಾಕುವಿಗೂ ಮಣಿಯದೆ, ಗಾಜಿನ ಮೇಲೆ ಗೀರು ಮೂಡಿಸುವ ಬಿಳಿ ಕಲ್ಲು ಬಹುತೇಕ ಬೆಣಚುಕಲ್ಲು ಅಥವಾ ಅದೇ ಜಾತಿಯ ಅಗೇಟ್ ಆಗಿರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರದೇಶದಲ್ಲಿ ಹರಿದ ಲಾವಾರಸವು ಆರುವಾಗ ಅನಿಲದ ಗುಳ್ಳೆಗಳಿಂದ ಪೊಳ್ಳುಗಳು ಉಳಿದವು. ನಂತರ ಖನಿಜಯುಕ್ತ ನೀರು ಇಳಿದು ಆ ಪೊಳ್ಳುಗಳಲ್ಲಿ ಹರಳುಗಟ್ಟಿತು. ಗಾಜನ್ನು ಗೀರಿತೆಂಬ ಕಾರಣಕ್ಕೆ ಅದನ್ನು ವಜ್ರವೆಂದು ತಿಳಿಯಬಾರದು. ಇಂತಹ ಕಲ್ಲುಗಳಿಂದ ಬೆಳೆಗೆ ತೊಂದರೆಯಿಲ್ಲ. ಕುಂಟೆಯ ಕುಡ ಸವೆಯುತ್ತದೆ, ಅಷ್ಟೆ.

ಸುಣ್ಣಕಲ್ಲು ಉಂಟಾಗುವ ಬಗೆ

ಬೇರುಗಳು ಉಸಿರಾಡುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಈ ನೀರು ಮಣ್ಣು ಮತ್ತು ಶಿಲೆಯಲ್ಲಿರುವ ಕ್ಯಾಲ್ಸಿಯಂ ಅನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಮಲೆನಾಡಿನಲ್ಲಾದರೆ ಭಾರಿ ಮಳೆಯು ಅದನ್ನು ತೊಳೆದು ಹಳ್ಳ ಸೇರಿಸುತ್ತದೆ. ಬಯಲುಸೀಮೆಯ ಅಲ್ಪ ಮಳೆಗೆ ಆ ಶಕ್ತಿಯಿಲ್ಲ. ನೀರು ಅರ್ಧದಾರಿಯಲ್ಲೇ ಆರಿ, ಸುಣ್ಣವು ಅಲ್ಲಿಯೇ ಉಳಿಯುತ್ತದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಪದರದ ಮೇಲೆ ಪದರ ಕೂಡಿ ಗಂಟುಗಳಾಗುತ್ತವೆ. ಕಲ್ಲು ನಿಜವಾಗಿಯೂ ಬೆಳೆದಿದೆ, ಆದರೆ ಒಂದೆರಡು ವರ್ಷಗಳಲ್ಲಿ ಅಲ್ಲ.

ಹಾಗಾದರೆ ಪ್ರತಿವರ್ಷ ಮೇಲೆ ಕಾಣಿಸುವುದೇಕೆ? ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವಾಗ ಕೆಳಗಿನ ಗಂಟುಗಳು ಸ್ವಲ್ಪ ಮೇಲೆ ಬರುತ್ತವೆ. ಆದರೆ ಇಳಿಜಾರಿನ ಹೊಲದಲ್ಲಿ ಕಲ್ಲುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮೇಲ್ಮಣ್ಣು ಕೊಚ್ಚಿಹೋಗುತ್ತಿದೆಯೆಂದು ಶಂಕಿಸಬೇಕು. ಆಗ ಕಲ್ಲು ಆರಿಸುವುದಕ್ಕಿಂತ ಬದು ಸರಿಪಡಿಸುವುದು ಮತ್ತು ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು ಮುಖ್ಯ.

ತೋಟ ಮಾಡುವ ಮುನ್ನ

ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ, ಸತು ಮತ್ತು ರಂಜಕ ಇದ್ದರೂ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ನಿಂಬೆ, ಮೋಸಂಬಿ ಮತ್ತು ಶೇಂಗಾ ಇದಕ್ಕೆ ಬೇಗ ತುತ್ತಾಗುತ್ತವೆ. ಬಾರೆ, ಸೀತಾಫಲ, ನೆಲ್ಲಿ ಹೆಚ್ಚು ತಾಳಿಕೊಳ್ಳುತ್ತವೆ. ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ (ಅನ್ನಭೇದಿ) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಿದರೆ ಎಲೆ ಹಸಿರಾಗುತ್ತದೆ, ಆದರೆ ಹೊಸ ಚಿಗುರಿಗೆ ಮತ್ತೆ ಸಿಂಪಡಿಸಬೇಕಾಗುತ್ತದೆ.

ಗಂಧಕ ಹಾಕಿ ಸುಣ್ಣವನ್ನೇ ತೆಗೆದುಹಾಕಬಹುದೆಂಬ ಸಲಹೆಯನ್ನು ನಂಬುವ ಮೊದಲು ಲೆಕ್ಕ ನೋಡಿರಿ. ಒಂದು ಎಕರೆಯ 15 ಸೆಂ.ಮೀ. ಆಳದ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಶೇ. 5 ಸುಣ್ಣವಿದ್ದರೆ 45 ಟನ್. ಅದನ್ನು ಕರಗಿಸಲು 14 ಟನ್‌ಗೂ ಹೆಚ್ಚು ಗಂಧಕ ಬೇಕು. ಜಿಪ್ಸಂ ಕ್ಷಾರಭೂಮಿಯ ಸುಧಾರಣೆಗೆ ಉಪಯುಕ್ತ. ಅದು ಸುಣ್ಣವನ್ನು ಕಡಿಮೆ ಮಾಡದು. ಆದ್ದರಿಂದ ನೆಲಕ್ಕೆ ಒಗ್ಗುವ ಬೆಳೆ ಆರಿಸುವುದೇ ಲಾಭಕರ.

ಹೊಲದಲ್ಲಿ ಎರಡು ಮೂರು ಕಡೆ 1 ಮೀಟರ್ ಆಳದ ಗುಂಡಿ ತೆಗೆದು, ಸುಣ್ಣದ ಪದರ ಎಷ್ಟು ಆಳದಲ್ಲಿದೆಯೆಂದು ಅಳೆಯಿರಿ. 0–30, 30–60 ಮತ್ತು 60–90 ಸೆಂ.ಮೀ. ಮಾದರಿಗಳನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕಳುಹಿಸಿ, ರಸಸಾರದ ಜೊತೆಗೆ ಸುಣ್ಣದ ಪ್ರಮಾಣವನ್ನೂ ಕೇಳಿರಿ. ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದುದು: ಪ್ರಯೋಗಾಲಯದಲ್ಲಿ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಸೋಸುವಾಗ ದೊಡ್ಡ ಗಂಟುಗಳು ಹೊರಗುಳಿಯುತ್ತವೆ. ಅವುಗಳ ತೂಕವನ್ನು ಪ್ರತ್ಯೇಕವಾಗಿ ಬರೆದಿಡದಿದ್ದರೆ, ಹೊಲದಲ್ಲಿರುವುದಕ್ಕಿಂತ ಕಡಿಮೆ ಸುಣ್ಣ ವರದಿಯಲ್ಲಿ ಕಾಣಿಸುತ್ತದೆ.